ನೇಣಿನ ಕೂಗು, ಮನೆಯ ಮೌನ

ಸರ್ಕಾರಿ ಸಮಿತಿಗಳ ವರದಿಗಳನ್ನು ಓದಿ ವಿಮರ್ಶಿಸುವ ಪದ್ಧತಿ ನಮ್ಮಲ್ಲಿ ಹೆಚ್ಚಾಗಿ ಬೆಳೆದಿಲ್ಲ. ವರದಿ ಸಲ್ಲಿಕೆಯಾದ ಮರುದಿನ ಅದರ ಮುಖ್ಯಾಂಶಗಳು ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ, ವಾರವೊಪ್ಪತ್ತು ಚರ್ಚೆ ನಡೆಯುತ್ತದೆ, ಅನಂತರ ಅದು ಕಪಾಟು ಸೇರುತ್ತದೆ. ಆದರೂ ಕೆಲವು ವರದಿಗಳು ಒಂದು ಸಮಾಜದ ಆತ್ಮಸಾಕ್ಷಿಯ ದಾಖಲೆಗಳಾಗಿ ಉಳಿಯುತ್ತವೆ. ಅವುಗಳಲ್ಲಿ ಏನನ್ನು ಬರೆಯಲಾಗಿದೆ ಎಂಬುದು ಎಷ್ಟು ಮುಖ್ಯವೋ, ಅವುಗಳಿಂದ ನಾವು ಯಾವುದನ್ನು ಆರಿಸಿಕೊಂಡೆವು, ಯಾವುದನ್ನು ಕೈಬಿಟ್ಟೆವು ಎಂಬುದೂ ಅಷ್ಟೇ ಮುಖ್ಯ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿ ಅಂಥದೊಂದು ದಾಖಲೆ. ಲೈಂಗಿಕ ದೌರ್ಜನ್ಯವನ್ನು ತಡೆಯುವುದು ಹೇಗೆ, ಎಸಗಿದವರನ್ನು ಶಿಕ್ಷಿಸುವುದು ಹೇಗೆ ಎಂಬ ಪ್ರಶ್ನೆ ಎದುರಾದಾಗಲೆಲ್ಲ ಅದನ್ನು ಮತ್ತೆ ತೆರೆದು ನೋಡಬೇಕಾಗಿದೆ.

2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಚಲಿಸುತ್ತಿದ್ದ ಬಸ್ಸಿನೊಳಗೆ 23 ವರ್ಷದ ಯುವತಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಹದಿಮೂರು ದಿನಗಳ ನಂತರ ಆಕೆ ಸಿಂಗಪುರದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಳು. ದೇಶದ ಬೀದಿಗಳು ಜನರಿಂದ ತುಂಬಿದವು. ಡಿಸೆಂಬರ್ 23ರಂದು ಕೇಂದ್ರ ಸರ್ಕಾರವು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ವರ್ಮಾ, ನ್ಯಾಯಮೂರ್ತಿ ಲೀಲಾ ಸೇಠ್ ಮತ್ತು ಹಿರಿಯ ವಕೀಲ ಗೋಪಾಲ್ ಸುಬ್ರಮಣಿಯಂ ಅವರನ್ನೊಳಗೊಂಡ ಸಮಿತಿಯನ್ನು ನೇಮಿಸಿತು. ಸಾರ್ವಜನಿಕರಿಂದ ಬಂದ ಸುಮಾರು 80,000 ಸಲಹೆಗಳನ್ನು ಎದುರಿಗಿಟ್ಟುಕೊಂಡು, ಕೇವಲ 29 ದಿನಗಳಲ್ಲಿ ಸಿದ್ಧಪಡಿಸಿದ ಆರುನೂರಕ್ಕೂ ಮಿಕ್ಕ ಪುಟಗಳ ವರದಿಯನ್ನು ಅವರು 2013ರ ಜನವರಿ 23ರಂದು ಸಲ್ಲಿಸಿದರು.

ಜನ ಕೇಳಿದ್ದು ನೇಣು. ಸಮಿತಿ ಕೊಟ್ಟ ಉತ್ತರ ಬೇರೆಯೇ ಆಗಿತ್ತು. ಅತ್ಯಾಚಾರಕ್ಕೆ ಮರಣದಂಡನೆಯನ್ನು ಅದು ಶಿಫಾರಸು ಮಾಡಲಿಲ್ಲ; ಹಾಗೆ ಮಾಡುವುದು ಹಿಮ್ಮುಖದ ಹೆಜ್ಜೆಯಾದೀತು ಎಂದು ಎಚ್ಚರಿಸಿತು. ಬಾಲಾಪರಾಧಿಗಳ ವಯೋಮಿತಿಯನ್ನು ಇಳಿಸಲೂ ಅದು ಒಪ್ಪಲಿಲ್ಲ. ಅತ್ಯಂತ ಘೋರ ಕೃತ್ಯಗಳಿಗೆ ಜೀವಾವಧಿ ಶಿಕ್ಷೆಯಾಗಲಿ, ಅದು ಅಪರಾಧಿಯ ಉಸಿರಿರುವ ತನಕದ ಸೆರೆವಾಸವಾಗಲಿ ಎಂದಿತು. ಬಳಿಕ ತನ್ನ ಬೆರಳನ್ನು ಬಸ್ಸಿನೊಳಗಿದ್ದ ಆರು ಮಂದಿಯಿಂದಾಚೆಗೆ ಚಾಚಿತು. ದೂರು ಬರೆದುಕೊಳ್ಳದ ಪೊಲೀಸ್ ಠಾಣೆ, ಗಾಯಾಳುವನ್ನು ಮುಟ್ಟಲು ಹಿಂಜರಿಯುವ ಆಸ್ಪತ್ರೆ, ಸಂತ್ರಸ್ತೆಯ ದೇಹದ ಮೇಲೆ ಎರಡು ಬೆರಳಿನ ಪರೀಕ್ಷೆ ನಡೆಸಿ ಆಕೆಯ ನಡತೆಯನ್ನು ಅಳೆಯುವ ವೈದ್ಯರು, ಮದುವೆಯ ಹೆಸರಿನಲ್ಲಿ ಗಂಡನಿಗೆ ಕೊಟ್ಟಿರುವ ರಿಯಾಯಿತಿ, ಸಮವಸ್ತ್ರದ ಮರೆಯಲ್ಲಿ ನಡೆಯುವ ದೌರ್ಜನ್ಯ, ಇವೆಲ್ಲವನ್ನೂ ಅದು ಹೆಸರಿಟ್ಟು ಕರೆಯಿತು.

ಇವುಗಳಲ್ಲಿ ನಾವು ಯಾವುದನ್ನು ಆರಿಸಿಕೊಂಡೆವು? ನ್ಯಾಯವಾಗಿ ಹೇಳುವುದಾದರೆ ಕೆಲವು ಒಳ್ಳೆಯ ಮಾತುಗಳು ಕಾನೂನಾದವು. 2013ರ ತಿದ್ದುಪಡಿಯ ಮೂಲಕ ಆ್ಯಸಿಡ್ ದಾಳಿ, ಹಿಂಬಾಲಿಸಿ ಪೀಡಿಸುವುದು, ಮರೆಯಲ್ಲಿ ನಿಂತು ಇಣುಕುವುದು ಪ್ರತ್ಯೇಕ ಅಪರಾಧಗಳಾದವು. ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಯೇ ಶಿಕ್ಷೆಗೆ ಗುರಿಯಾಗುವಂತಾಯಿತು. ಸರ್ಕಾರಿಯೇ ಇರಲಿ, ಖಾಸಗಿಯೇ ಇರಲಿ, ಎಲ್ಲ ಆಸ್ಪತ್ರೆಗಳೂ ಸಂತ್ರಸ್ತೆಗೆ ಉಚಿತ ಚಿಕಿತ್ಸೆ ನೀಡಲೇಬೇಕೆಂಬ ನಿಯಮ ಬಂತು. ಆದರೆ ಸಮಿತಿ ಬೇಡವೆಂದಿದ್ದ ಮರಣದಂಡನೆಯನ್ನು ಸರ್ಕಾರ ಸೇರಿಸಿತು. ಸಮಿತಿ ಬೇಕೆಂದಿದ್ದ, ವೈವಾಹಿಕ ಅತ್ಯಾಚಾರದ ರಿಯಾಯಿತಿಯ ರದ್ದತಿಯನ್ನು ಕೈಬಿಟ್ಟಿತು. 2015ರಲ್ಲಿ 16ರಿಂದ 18 ವರ್ಷದೊಳಗಿನವರನ್ನು ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ದಾರಿಯಾಯಿತು. 2018ರಲ್ಲಿ ಹನ್ನೆರಡು ವರ್ಷದೊಳಗಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರಕ್ಕೆ ಮರಣದಂಡನೆ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಹದಿನೆಂಟು ವರ್ಷದೊಳಗಿನವರ ಮೇಲಿನ ಸಾಮೂಹಿಕ ಅತ್ಯಾಚಾರಕ್ಕೂ ಅದನ್ನು ವಿಸ್ತರಿಸಿತು. ಗಂಡನಿಗಿರುವ ರಿಯಾಯಿತಿ ಮಾತ್ರ ಹೊಸ ಸಂಹಿತೆಯಲ್ಲೂ ಹಾಗೆಯೇ ಕುಳಿತಿದೆ. 2022ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಅತ್ಯಾಚಾರ ಎಸಗಿದವನು ಗಂಡನೇ ಆದರೂ ಅದು ಅತ್ಯಾಚಾರವೇ ಎಂಬ ನಿಲುವು ತಳೆದು, ಪತಿಯೊಬ್ಬನ ಮೇಲಿನ ಆರೋಪವನ್ನು ರದ್ದುಗೊಳಿಸಲು ನಿರಾಕರಿಸಿತು. ಅದೇ ವರ್ಷ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ನೀಡಿತು.

ಈ ಆಯ್ಕೆಯಲ್ಲಿ ಒಂದು ಕ್ರಮವಿದೆ. ಅಪರಿಚಿತನನ್ನು, ಬೀದಿಯವನನ್ನು, ಬಡವನನ್ನು ಮುಟ್ಟುವ ಶಿಫಾರಸುಗಳನ್ನು ನಾವು ಒಪ್ಪಿಕೊಂಡೆವು, ಇನ್ನಷ್ಟು ಬಿಗಿಗೊಳಿಸಿದೆವು. ಮನೆಯನ್ನು, ಮದುವೆಯನ್ನು, ಅಧಿಕಾರವನ್ನು ಮುಟ್ಟುವ ಶಿಫಾರಸುಗಳನ್ನು ಬದಿಗಿಟ್ಟೆವು. ನೇಣಿನ ಬೇಡಿಕೆಯನ್ನು ನಾವು ನ್ಯಾಯದ ಹಸಿವು ಎಂದು ಕರೆಯುತ್ತೇವೆ. ಅದರಲ್ಲಿ ನ್ಯಾಯದ ಹಸಿವು ಇಲ್ಲವೆನ್ನಲಾಗದು. ಆದರೆ ಅದರೊಳಗೆ ಒಂದು ಅನುಕೂಲವೂ ಅಡಗಿದೆ. ಅಪರಾಧಿ ರಾಕ್ಷಸನೆಂದಾದರೆ ಅವನು ನಮ್ಮವನಲ್ಲ ಎಂದಾಯಿತು. ಅವನನ್ನು ಗಲ್ಲಿಗೇರಿಸಿದರೆ ನಮ್ಮ ಮನೆಯೊಳಗೆ ದೀಪ ಹಿಡಿದು ನೋಡುವ ಪ್ರಮೇಯವೇ ಬರುವುದಿಲ್ಲ.

ಅಂಕಿ ಅಂಶಗಳು ಈ ಸಮಾಧಾನವನ್ನು ನಮಗೆ ಉಳಿಸಿಕೊಡುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,516. ಅದೇ ಸಂಸ್ಥೆಯ ವರದಿಗಳಲ್ಲಿ ವರ್ಷ ವರ್ಷವೂ ಕಾಣುವ ಸಂಗತಿಯೆಂದರೆ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿಯು ಸಂತ್ರಸ್ತೆಗೆ ಪರಿಚಿತನೇ. ನೆರೆಮನೆಯವನು, ಸಂಬಂಧಿ, ಗೆಳೆಯ, ಕೆಲಸ ಕೊಟ್ಟವನು, ಒಮ್ಮೊಮ್ಮೆ ಹೆತ್ತವನೇ. ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಶಿಕ್ಷೆಯಾಗುವುದು ನೂರಕ್ಕೆ ಇಪ್ಪತ್ತೇಳು ಇಪ್ಪತ್ತೆಂಟರಲ್ಲಿ ಮಾತ್ರ. ಇವು ದಾಖಲಾದವುಗಳ ಲೆಕ್ಕ. ದಾಖಲಾಗದೆ ಅಡುಗೆಮನೆಯ ಹೊಗೆಯೊಡನೆ ಸೇರಿಹೋದವುಗಳ ಲೆಕ್ಕ ಯಾರಲ್ಲಿದೆ?

ಈಗ ಹನ್ನೊಂದು ವರ್ಷದ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳೋಣ. ಕೆಡುಕು ಮಾಡಿದವನು ಸೋದರಮಾವ. ತಾಯಿಗೆ ವಿಷಯ ತಿಳಿದಿದೆ. ಬಾಯಿ ತೆರೆದರೆ ಒಡಹುಟ್ಟಿದವನು ಗಲ್ಲಿಗೇರಬಹುದು ಎಂಬ ಭಯ ಆ ತಾಯಿಯ ಮುಂದಿದೆ. ಅಜ್ಜಿ ಅಳುತ್ತಾಳೆ, ಹಿರಿಯರು ಕೂಡಿ ಕುಳಿತು ಮಾತನಾಡುತ್ತಾರೆ, ಬಾಲಕಿಯನ್ನು ದೂರದ ಊರಿನ ವಸತಿನಿಲಯಕ್ಕೆ ಸೇರಿಸಲಾಗುತ್ತದೆ. ಶಿಕ್ಷೆ ಹೆಚ್ಚು ಕಠಿಣವಾದಷ್ಟೂ ಮನೆಯ ಬಾಗಿಲು ಹೆಚ್ಚು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಕೊಲೆಗೂ ಅತ್ಯಾಚಾರಕ್ಕೂ ಒಂದೇ ಶಿಕ್ಷೆಯಾದರೆ ಏಕೈಕ ಸಾಕ್ಷಿಯಾದ ಮಗುವನ್ನು ಉಳಿಸಲು ದುಷ್ಟನಿಗೆ ಯಾವ ಕಾರಣವೂ ಉಳಿಯುವುದಿಲ್ಲ ಎಂಬ ಮತ್ತೊಂದು ಭಯವೂ ಇದೆ. ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಶಿಕ್ಷೆ ತಪ್ಪದು ಎಂಬ ಖಚಿತತೆ ಎಂದು ಇಟಲಿಯ ಚೇಸರೆ ಬೆಕ್ಕಾರಿಯಾ 1764ರಲ್ಲಿಯೇ ವಾದಿಸಿದ್ದನು. ಆ ಮಾತಿಗೆ ಉದಾಹರಣೆ ಹುಡುಕಲು ನಾವು ಇಟಲಿಗೆ ಹೋಗಬೇಕಾಗಿಲ್ಲ, ನಮ್ಮ ದಕ್ಷಿಣ ಕನ್ನಡಕ್ಕೆ ಬಂದರೆ ಸಾಕು.

ದೆಹಲಿಯ ಘಟನೆಗೆ ಎರಡು ತಿಂಗಳ ಮುಂಚೆ, 2012ರ ಅಕ್ಟೋಬರಿನಲ್ಲಿ, ಬೆಳ್ತಂಗಡಿ ತಾಲ್ಲೂಕಿನಲ್ಲಿ ಉಜಿರೆಯ ಕಾಲೇಜಿಗೆ ಹೋಗುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಅತ್ಯಾಚಾರಕ್ಕೂ ಕೊಲೆಗೂ ಬಲಿಯಾದಳು. ಸ್ಥಳೀಯ ಪೊಲೀಸರು, ಸಿಐಡಿ, ಕೊನೆಗೆ ಸಿಬಿಐ ಹೀಗೆ ತನಿಖೆ ಕೈಯಿಂದ ಕೈಗೆ ಸಾಗಿತು. ಹತ್ತು ವರ್ಷಗಳು ಕಳೆದು 2023ರ ಜೂನ್‌ನಲ್ಲಿ ಬೆಂಗಳೂರಿನ ನ್ಯಾಯಾಲಯವು ಏಕೈಕ ಆರೋಪಿಯನ್ನು ಬಿಡುಗಡೆ ಮಾಡಿತು. ಆರಂಭದ ತನಿಖೆಯಲ್ಲಿನ ಲೋಪಗಳನ್ನು ಎತ್ತಿ ತೋರಿಸಿತು. ದೆಹಲಿಯ ಪ್ರಕರಣದಲ್ಲಿ ನಾಲ್ವರು 2020ರ ಮಾರ್ಚ್ 20ರಂದು ಗಲ್ಲಿಗೇರಿದರು. ದೇಶ ಸಮಾಧಾನದ ಉಸಿರು ಬಿಟ್ಟಿತು. ಉಜಿರೆಯ ತಾಯಿಯ ಪಾಲಿಗೆ ಉಳಿದದ್ದು, ಹಾಗಾದರೆ ಮಾಡಿದವರು ಯಾರು ಎಂಬ ಪ್ರಶ್ನೆ. ನೇಣಿನ ಹಗ್ಗವನ್ನು ಎಷ್ಟು ಗಟ್ಟಿಯಾಗಿ ಹೊಸೆದರೂ, ಮೊದಲ ಕೆಲವು ಗಂಟೆಗಳಲ್ಲಿ ಸಂಗ್ರಹಿಸದೆ ಬಿಟ್ಟ ಸಾಕ್ಷ್ಯವನ್ನು ಅದು ಮರಳಿ ತಂದುಕೊಡಲಾರದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ಇಂಥ ಕಾನೂನುಗಳಿಗೆ ಸಲ್ಲುತ್ತದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆಯನ್ನೂ ನೋಡಬೇಕು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಮನೆಗೆಲಸದ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ ಎಸಗಿದ್ದಕ್ಕಾಗಿ ಹಾಸನದ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಅದು ಕಾನೂನಿನ ಹಾದಿ. ಆದರೆ ನಮ್ಮ ಚಿಂತನೆಗೆ ಬೇಕಾದ ಅಂಶ ಬೇರೆ. ರಾಜ್ಯದ ಪ್ರಬಲ ಮನೆತನವೊಂದರ ಎದುರು ಕೂಲಿಯಾಳಾದ ಹೆಣ್ಣೊಬ್ಬಳ ಮಾತು ನಿಂತಿತು. ಅದು ನಿಂತದ್ದು ಬೀದಿಯ ಕೂಗಿನಿಂದಲ್ಲ. ಆಕೆಯ ಸಾಕ್ಷ್ಯ, ಸೀರೆಯ ಮೇಲೆ ದೊರೆತ ಕುರುಹುಗಳ ಡಿಎನ್‌ಎ ಪರೀಕ್ಷೆ, ವಿಶೇಷ ತನಿಖಾ ತಂಡದ ಶ್ರದ್ಧೆ, ಕೆಲವೇ ತಿಂಗಳುಗಳಲ್ಲಿ ಮುಗಿದ ವಿಚಾರಣೆ, ಇವುಗಳಿಂದ. ಬಡವರು ಭಯಪಡುವುದು ಶಿಕ್ಷೆ ಕಡಿಮೆಯಾದೀತೆಂದಲ್ಲ, ತಮ್ಮ ಮಾತನ್ನು ಯಾರೂ ನಂಬಲಾರರೆಂದು.

ನ್ಯಾಯದ ಈ ನಿಧಾನದ ಹಾದಿಯಲ್ಲಿ ತಾಳ್ಮೆ ಕಳೆದುಕೊಂಡವರು ಇನ್ನೊಂದು ಹಾದಿಯನ್ನು ಹೊಗಳುತ್ತಾರೆ. 2019ರ ನವೆಂಬರಿನಲ್ಲಿ ಹೈದರಾಬಾದಿನ ಬಳಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ನಡೆದು ಕೊಲೆಯಾಯಿತು. ಡಿಸೆಂಬರ್ 6ರ ಮುಂಜಾವಿನಲ್ಲಿ ನಾಲ್ವರು ಆರೋಪಿಗಳೂ ಪೊಲೀಸರ ಗುಂಡಿಗೆ ಬಲಿಯಾದರು. ಜನ ಪೊಲೀಸರ ಮೇಲೆ ಹೂವಿನ ಎಸಳು ಸುರಿದರು. ಅಲ್ಲಿನ ಪೊಲೀಸ್ ಆಯುಕ್ತರು ಹುಬ್ಬಳ್ಳಿಯ ಮೂಲದವರೆಂದು ನಮ್ಮ ಕನ್ನಡ ಮಾಧ್ಯಮಗಳೂ ಸಂಭ್ರಮಿಸಿದವು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್‌ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರನ್ನು ಕೊಲೆಯ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕು ಎಂದು ಅದು ಅಭಿಪ್ರಾಯಪಟ್ಟಿತು. ಸತ್ತ ನಾಲ್ವರೂ ನಿಜವಾದ ಅಪರಾಧಿಗಳೇ? ಇದಕ್ಕೆ ಯಾವ ನ್ಯಾಯಾಲಯವೂ ಉತ್ತರಿಸದಂತೆ ಬಾಗಿಲು ಮುಚ್ಚಿಹೋಗಿದೆ. ಸಂತ್ರಸ್ತೆಗೆ ಸಲ್ಲಬೇಕಾಗಿದ್ದ ಸತ್ಯವನ್ನೂ ಆ ಗುಂಡುಗಳೇ ಕಸಿದುಕೊಂಡವು.

ಈ ಕೂಗು ಮತ್ತು ಆ ಮೌನ ಒಂದಕ್ಕೊಂದು ವಿರುದ್ಧವೆಂದು ನಾವು ಭಾವಿಸುತ್ತೇವೆ. ಆದರೆ ಸಮುವೇಲನ ಎರಡನೆಯ ಗ್ರಂಥದ ಹದಿಮೂರನೆಯ ಅಧ್ಯಾಯ ಬೇರೊಂದು ಸತ್ಯವನ್ನು ತೋರಿಸುತ್ತದೆ. ಅರಸ ದಾವೀದನ ಮಗಳು ತಾಮಾರಳ ಮೇಲೆ ಮಲಸಹೋದರ ಅಮ್ನೋನನು ಬಲಾತ್ಕಾರ ಎಸಗುತ್ತಾನೆ. ಆಕೆ ಬೂದಿ ಬಳಿದುಕೊಂಡು, ಬಟ್ಟೆ ಹರಿದುಕೊಂಡು, ಅಳುತ್ತಾ ಬೀದಿಯಲ್ಲಿ ನಡೆದುಹೋಗುತ್ತಾಳೆ. ಅರಸನಿಗೆ ಸಿಟ್ಟು ಬರುತ್ತದೆ, ಆದರೆ ಅವನು ನ್ಯಾಯ ನೀಡುವುದಿಲ್ಲ. ಒಡಹುಟ್ಟಿದ ಅಣ್ಣ ಅಬ್ಷಾಲೋಮನು, ಅವನು ನಿನ್ನ ಅಣ್ಣನಲ್ಲವೇ, ಸುಮ್ಮನಿರು ಎಂದು ಆಕೆಯ ಬಾಯಿ ಮುಚ್ಚಿಸುತ್ತಾನೆ. ಎರಡು ವರ್ಷಗಳ ನಂತರ ಔತಣಕ್ಕೆ ಕರೆದು ಅಮ್ನೋನನನ್ನು ಕೊಲ್ಲಿಸುವವನೂ ಅದೇ ಅಬ್ಷಾಲೋಮ. ‘ಸುಮ್ಮನಿರು’ ಎಂದ ಬಾಯಿಯೇ ‘ಕೊಲ್ಲಿರಿ’ ಎಂದೂ ಆಜ್ಞಾಪಿಸುತ್ತದೆ. ಎರಡು ಸಲವೂ ತಾಮಾರಳನ್ನು ಯಾರೂ ಕೇಳಲಿಲ್ಲ. ಆಕೆ ಅಣ್ಣನ ಮನೆಯಲ್ಲಿ ಒಂಟಿಯಾಗಿ ಉಳಿದಳು ಎನ್ನುವಲ್ಲಿಗೆ ಆಕೆಯ ಕಥೆ ನಿಂತುಹೋಗುತ್ತದೆ. ಮೌನವೂ ಪ್ರತೀಕಾರವೂ ಒಂದೇ ಮನೆಯ ಮಕ್ಕಳು. ಎರಡೂ ರಕ್ಷಿಸುವುದು ಮನೆತನದ ಮಾನವನ್ನು, ಗಾಯಗೊಂಡವಳನ್ನಲ್ಲ.

‘ಮಾನ’ ಎಂಬ ಆ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಅತ್ಯಾಚಾರಕ್ಕೆ ಕನ್ನಡದಲ್ಲಿ ಬಹುಕಾಲ ಬಳಸಿದ ಪದ ಮಾನಭಂಗ. ‘ಶೀಲ ಕಳೆದುಕೊಂಡಳು’, ‘ಕೆಟ್ಟುಹೋದಳು’ ಎಂಬ ಮಾತುಗಳು ನಮ್ಮ ಕಾದಂಬರಿಗಳಲ್ಲಿ, ಚಲನಚಿತ್ರಗಳಲ್ಲಿ, ಸುದ್ದಿಗಳಲ್ಲಿ ಹರಿದಾಡಿವೆ. ಕಳ್ಳತನವಾದರೆ ಕಳ್ಳನ ಮಾನ ಹೋಗುತ್ತದೆ. ಅತ್ಯಾಚಾರವಾದರೆ ಮಾತ್ರ ದೋಚಿಸಿಕೊಂಡವಳ ಮಾನ ಹೋಗುತ್ತದೆ! ಮುಳ್ಳಿನ ಮೇಲೆ ಸೆರಗು ಬಿದ್ದರೂ ಸೆರಗಿನ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಸೆರಗೇ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವ ಗಾದೆ, ಮುಳ್ಳಿಗೆ ಎಂದೂ ಬುದ್ಧಿ ಹೇಳಿಲ್ಲ. ವರ್ಮಾ ಸಮಿತಿಯ ವರದಿಯ ಬಹುದೊಡ್ಡ ಕೊಡುಗೆ ಇಲ್ಲಿದೆ. ಅತ್ಯಾಚಾರವನ್ನು ಮಾನ ಅವಮಾನಗಳ ಲೆಕ್ಕದಿಂದ ಬಿಡಿಸಿ, ಅದು ವ್ಯಕ್ತಿಯೊಬ್ಬಳ ದೇಹದ, ಘನತೆಯ, ಸಮಾನತೆಯ ಹಕ್ಕಿನ ಉಲ್ಲಂಘನೆ ಎಂದು ಅದು ಸ್ಪಷ್ಟವಾಗಿ ನಿರೂಪಿಸಿತು.

ಆದರೂ ಹಳೆಯ ಭಾಷೆ ಸುಲಭವಾಗಿ ಸಾಯುವುದಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂಬ ದೂರುದಾರಳ ಮಾತು ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ವಾಕ್ಯ ಕಾಣಿಸಿಕೊಂಡಿತು. ಟೀಕೆಯ ಬಳಿಕ ಆ ಮಾತನ್ನು ಕಡತದಿಂದ ತೆಗೆಯಲಾಯಿತು. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಹಿರಿಯ ಶಾಸಕರೊಬ್ಬರು ಅತ್ಯಾಚಾರವನ್ನೇ ಹಾಸ್ಯದ ಮಾತಾಗಿ ಬಳಸಿದರು. ಪೀಠದಿಂದ ಖಂಡನೆಯ ಬದಲು ನಗು ಬಂತು. ಮರುದಿನ ಅವರು ಕ್ಷಮೆ ಕೇಳಿದರು. ನೇಣಿನ ಕಾನೂನಿಗೆ ಬೆಂಬಲ ನೀಡುವ ಸಮಾಜವೇ ಇಂಥ ಹಾಸ್ಯಕ್ಕೂ ನಗುತ್ತದೆ ಎಂಬುದೇ ಚಿಂತಿಸಬೇಕಾದ ಸಂಗತಿ.

ವರದಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಅವಸರದ ಗುರುತುಗಳು ಅದರಲ್ಲಿವೆ. ಇಂಗ್ಲಿಷಿನಲ್ಲಿ ಬರೆದ ಅದು ವಿದೇಶಿ ತೀರ್ಪುಗಳು, ಅಂತರರಾಷ್ಟ್ರೀಯ ಒಪ್ಪಂದಗಳ ಉಲ್ಲೇಖಗಳಿಂದ ಎಷ್ಟೋ ಕಡೆ ಭಾರವಾಗಿದೆ. ಹಳ್ಳಿಯ ಆಶಾ ಕಾರ್ಯಕರ್ತೆಯೋ ಶಾಲಾ ಶಿಕ್ಷಕಿಯೋ ಕೈಗೆತ್ತಿಕೊಂಡು ಓದಬಹುದಾದ ಬರವಣಿಗೆ ಅದಲ್ಲ. ಬೀದಿ, ಠಾಣೆ, ನ್ಯಾಯಾಲಯಗಳ ಕುರಿತು ಅದು ತೋರಿದ ಸೂಕ್ಷ್ಮತೆಗೆ ಹೋಲಿಸಿದರೆ, ಬಂಧುಬಳಗದ ನಡುವೆ ಮಗು ಅನುಭವಿಸುವ ಹಿಂಸೆಯ ಕುರಿತು ಇನ್ನೂ ಹೆಚ್ಚಿನ ಮಾತು ಬೇಕಿತ್ತು. ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುವುದು, ಅದಕ್ಕೂ ಮುಂಚೆ 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿರಬಾರದು, ಸಾಕ್ಷ್ಯ ಹೇಳುವಾಗ ಆರೋಪಿಯು ಮಗುವಿನ ಕಣ್ಣಿಗೆ ಬೀಳಬಾರದು, ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು ಎಂದೆಲ್ಲ ಅದು ವಿಧಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಿರಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೂ ಅಪರಾಧ.

‘ಯಾರೇ ಆಗಿರಲಿ’ ಎಂಬ ಈ ಮಾತು ನಮ್ಮ ಅಂಗಳಕ್ಕೂ ಬರುತ್ತದೆ. ಶಾಲೆ, ವಸತಿನಿಲಯ, ಅನಾಥಾಶ್ರಮಗಳನ್ನು ನಡೆಸುವ ಧರ್ಮಸಭೆ ಇದರಿಂದ ಹೊರಗಿಲ್ಲ. 2002ರಲ್ಲಿ ಅಮೆರಿಕದ ಬೋಸ್ಟನ್ ನಗರದ ಪತ್ರಿಕೆಯೊಂದು ಬಯಲಿಗೆಳೆದ ಸಂಗತಿ ಇಡೀ ಜಗತ್ತಿನ ಧರ್ಮಸಭೆಯನ್ನು ತಲೆತಗ್ಗಿಸುವಂತೆ ಮಾಡಿತು. ತಪ್ಪೆಸಗಿದ ಗುರುಗಳಷ್ಟೇ ಅಲ್ಲ, ಅವರನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಿ ಸುಮ್ಮನಾದ ಮೇಲಧಿಕಾರಿಗಳೂ ಅಲ್ಲಿ ಪ್ರಶ್ನೆಗೆ ಒಳಗಾದರು. ಸಂಸ್ಥೆಯ ಮಾನ ಉಳಿಸಲು ಮಾಡಿದ ಮೌನವೇ ಅದರ ಮಾನ ಕಳೆಯಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಆಜ್ಞೆಯು, ಇಂಥ ದೂರು ತಿಳಿದುಬಂದ ಗುರುಗಳೂ ಧಾರ್ಮಿಕ ಭಗಿನಿಯರೂ ಅದನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಅದೇ ಪೋಪ್ 2018ರಲ್ಲಿ ಧರ್ಮೋಪದೇಶದ ಗ್ರಂಥವನ್ನು ತಿದ್ದಿ, ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಸಾರಿದ್ದರು. ಈ ಎರಡನ್ನೂ ಜೊತೆಯಾಗಿ ಓದಿದಾಗಲೇ ಅವುಗಳ ಅರ್ಥ ಪೂರ್ಣವಾಗುತ್ತದೆ. ನೇಣು ಬೇಡ ಎನ್ನುವವನು ಮೌನವೂ ಬೇಡ ಎನ್ನಬೇಕು. ಇಲ್ಲದಿದ್ದರೆ ಆ ಕರುಣೆ ಅಪರಾಧಿಗೆ ಮಾತ್ರ ಸಲ್ಲುತ್ತದೆ.

ಇಲ್ಲಿ ಕ್ಷಮೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ನಡುವೆ ಈ ಪವಿತ್ರವಾದ ಪದ ಕೆಲವೊಮ್ಮೆ ಬೀಗದ ಕೈಯಂತೆ ಬಳಕೆಯಾಗುತ್ತದೆ. ಗಾಯಗೊಂಡವಳ ಬಳಿ ಹಿರಿಯರು ಬಂದು, ಕ್ಷಮಿಸಿಬಿಡು ಮಗಳೇ, ದೇವರು ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ಕ್ಷಮೆ ಗಾಯಗೊಂಡವಳು ಇಚ್ಛೆಯಿಂದ ಕೊಡಬಹುದಾದ ದಾನ. ಇತರರು ಆಕೆಯಿಂದ ವಸೂಲಿ ಮಾಡುವ ಕಂದಾಯವಲ್ಲ. ಪಾಪನಿವೇದನೆಯಲ್ಲಿಯೂ ಪಶ್ಚಾತ್ತಾಪದ ಜೊತೆಗೆ ಪ್ರಾಯಶ್ಚಿತ್ತವಿದೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಸತ್ಯವನ್ನು ಒಪ್ಪಿಕೊಳ್ಳುವುದು, ಸೆರೆಮನೆಯ ವರ್ಷಗಳನ್ನು ಅನುಭವಿಸುವುದು ಪ್ರಾಯಶ್ಚಿತ್ತಕ್ಕೆ ವಿರುದ್ಧವಲ್ಲ, ಅದರ ಭಾಗ.

ಹಾಗಾದರೆ ತಡೆಯುವ ದಾರಿ ಯಾವುದು? ದೊಡ್ಡ ಮಾತುಗಳಿಗಿಂತ ಸಣ್ಣ ಕೆಲಸಗಳಿಂದ ಅದು ಆರಂಭವಾಗುತ್ತದೆ. ಮಕ್ಕಳಿಗೆ ತಮ್ಮ ದೇಹದ ಅಂಗಗಳ ಹೆಸರನ್ನು ನಾಚಿಕೆಯಿಲ್ಲದೆ ಹೇಳಿಕೊಡಬೇಕು. ಹೆಸರೇ ಇಲ್ಲದ ಅಂಗಕ್ಕೆ ಆದ ನೋವನ್ನು ಮಗು ಹೇಗೆ ತಿಳಿಸೀತು? ಮಾಮನ ತೊಡೆಯ ಮೇಲೆ ಕುಳಿತುಕೋ ಎಂದು ಒತ್ತಾಯಿಸುವಾಗ ಮಗು ಬೇಡವೆಂದರೆ, ಆ ‘ಬೇಡ’ವನ್ನು ದೊಡ್ಡವರು ಗೌರವಿಸಬೇಕು. ಗಂಡುಮಕ್ಕಳನ್ನೂ ಕೇಳಬೇಕು, ಅವರೂ ಬಲಿಪಶುಗಳಾಗುತ್ತಾರೆ. ಅವರಿಗೆ ಹೆಣ್ಣಿನ ಸಮ್ಮತಿಯ ಅರ್ಥವನ್ನು ಹದಿಹರೆಯದಲ್ಲೇ ಕಲಿಸಬೇಕು. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗಳು ಕೇವಲ ಕಡತದ ಮೇಲೆ ನಡೆಯದೆ, ಮಕ್ಕಳು ಮಾತನಾಡುವ ಸ್ಥಳಗಳಾಗಬೇಕು. ಪ್ರತಿ ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಮಗುವಿನ ಕಣ್ಣಿನ ಎತ್ತರದಲ್ಲಿರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಸಾಕ್ಷ್ಯವನ್ನು ಸರಿಯಾಗಿ ಸಂಗ್ರಹಿಸಿ ಕಾಪಿಡಬಲ್ಲ ವೈದ್ಯರು ರಾತ್ರಿಯ ವೇಳೆಯಲ್ಲೂ ಸಿಗುವಂತಾಗಬೇಕು. ಇವುಗಳಲ್ಲಿ ಯಾವುದೂ ಬೀದಿಯಲ್ಲಿ ಘೋಷಣೆಯಾಗಿ ಮೊಳಗುವಂಥದಲ್ಲ. ಆದರೆ ಇವೇ ಒಬ್ಬ ಬಾಲಕಿಯನ್ನು ಉಳಿಸುತ್ತವೆ.

ನ್ಯಾಯಮೂರ್ತಿ ವರ್ಮಾ ಅವರು ವರದಿ ಸಲ್ಲಿಸಿದ ಮೂರೇ ತಿಂಗಳಲ್ಲಿ, 2013ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ವರದಿಯ ಅರ್ಧವನ್ನು ನಾವು ಕಾನೂನಾಗಿಸಿದ್ದೇವೆ, ಉಳಿದರ್ಧವನ್ನು ಕಪಾಟಿನಲ್ಲಿಟ್ಟಿದ್ದೇವೆ. ಸಂಸತ್ತು ಮಾಡಬೇಕಾದ ಕೆಲಸವನ್ನು ನಾವು ಪ್ರತಿನಿಧಿಗಳಿಂದ ಕೇಳಿ ಪಡೆಯಬೇಕು. ಆದರೆ ಕಪಾಟಿನಲ್ಲಿರುವುದರ ದೊಡ್ಡ ಪಾಲಿಗೆ ಸಂಸತ್ತಿನ ಅನುಮತಿ ಬೇಕಿಲ್ಲ. ಹೇಳಲು ಬಂದ ಮಗುವನ್ನು ಗದರದೆ ಕೇಳುವುದಕ್ಕೆ, ಕೇಳಿದ್ದನ್ನು ನಂಬುವುದಕ್ಕೆ, ನಂಬಿದ ಮೇಲೆ ಮನೆತನದ ಹೆಸರಿಗೆ ಅಂಜದೆ ಠಾಣೆಯ ಮೆಟ್ಟಿಲು ಹತ್ತುವುದಕ್ಕೆ ಯಾವ ತಿದ್ದುಪಡಿಯನ್ನೂ ಕಾಯಬೇಕಾಗಿಲ್ಲ. ತಾಮಾರಳು ಅಳುತ್ತಾ ನಡೆದ ಬೀದಿ ನಮ್ಮ ಊರಿನಲ್ಲಿಯೂ ಇದೆ. ಮುಂದಿನ ಸಲ ಅಂಥ ಅಳು ಕೇಳಿಸಿದಾಗ ಆಕೆಯನ್ನು ಸುಮ್ಮನಿರಿಸದೆ, ಆಕೆಯ ಹೆಸರಿನಲ್ಲಿ ಯಾರನ್ನೂ ಕೊಲ್ಲಹೊರಡದೆ, ಮೊದಲು ಬಾಗಿಲು ತೆರೆದು ಆಕೆಯ ಮಾತನ್ನು ಕೇಳಿಸಿಕೊಳ್ಳೋಣ.